ಕಾರಗೆ ಹೊತ್ತು ಹಳ್ದಿ ದೀಪದ ಕಥಿ

ಹ್ವಾಯ್, ಈ ಸರ್ತಿ ಅಡ್ಗಿಮನಿ ಬಿಟ್ಟ್ ಅಂಗಳಕ್ಕೆ ಬಪ್ಪ. ನಮ್ಮ ಕುಟುಂಬದ ಹೆಂಗ್ಸ್ರ್ ಕಾರ್ ಬಿಡುಕೆ ಶುರು ಮಾಡಿ ಸುಮಾರ್ ವರ್ಷ ಆಯ್ತಲೆ. ಬ್ರಹ್ಮಾವರದ ಅತ್ತಿಗೆ ಶಾಲಿಗೆ ಹೋಪುದ್ ಕಾರಗೆ. ಬೈಂದೂರಿನ ಚಿಕ್ಕಿ ಮಗ್ಳ್ ದಿನಾ ಕುಂದಾಪ್ರಕ್ಕೆ ಬಂದ್ ಹೋತ್ತ್. ಎಲ್ಲರೂ ಒಂದಲ್ಲ ಒಂದ್ ದಿನ ನನ್ನತ್ರ ಕೇಂಬುದ್ ಒಂದೇ ಪ್ರಶ್ನಿ: "ಸ್ಟೇರಿಂಗ್ ಎದ್ರಿಗೆ ಒಂದ್ ಹಳ್ದಿ ದೀಪ ಹೊತ್ಕಂಡಿತ್ತಲೆ, ಅದೆಂತದ್ ಮರಾಯ್ತಿ?"

ಆ ಚಿತ್ರ ಕಂಡ್ರೆ ಕೆಲವ್ರಿಗೆ ಬಚ್ಚಲ್ಮನಿ ನಲ್ಲಿ ಕಂಡಂಗೆ ಆತ್ತ್, ನಮ್ಮನಿ ಮಾಣಿಗೆ ಅದ್ ಹೆಲಿಕಾಪ್ಟರ್. ನಿಜಕ್ಕೂ ಅದ್ ಎಂಜಿನ್ನಿನ ಚಿತ್ರ, ಹೆಸ್ರ್ ಚೆಕ್ ಎಂಜಿನ್ ಲೈಟ್. ಮನಿಯಗೆ ಗಂಡ್ಸ್ರ ಹತ್ರ ಕೇಂಡ್ರೆ ಎರಡೇ ಉತ್ರ. "ಎಂತ ಆತಿಲ್ಲ, ಹಾಂಗೇ ಬಿಡ್" ಅಂಬುದ್ ಒಂದ್. "ಮುಗೀತ್, ಎಂಜಿನ್ನೇ ಹೋಯ್ತ್" ಅಂಬುದ್ ಇನ್ನೊಂದ್. ಎರಡೂ ಸಮ ಅಲ್ಲ. ಆ ದೀಪ ಯಾರ್ ಇಟ್ಟದ್, ಎಂತಕೆ ಇಟ್ಟದ್ ಅಂದೇಳಿ ಗೊತ್ತಿದ್ರೆ, ಅದ್ ಎಂತ ಹೇಳತ್ತ್, ಎಂತ ಹೇಳತಿಲ್ಲ ಅಂಬುದೂ ತನ್ನಷ್ಟಕ್ಕೆ ಗೊತ್ತಾತ್ತ್. ಹಾಂಗಾಯಿ ಚೂರ್ ಹಿಂದಕ್ಕೆ ಹೋಪ.

ನಮ್ಮ ಕರಾವಳಿಗೆ ಬಸ್ ಬಂದ ಕಾಲಕ್ಕೆ ಇಂಥ ದೀಪ ಯಾವುದೂ ಇಲ್ಲ. ಹೊಳಿಗೆಲ್ಲ ಸಂಕ ಆಪುದ್ರೊಳ್ಗೆ ಬಸ್ಸಗೆ ಬಂದವ್ರ್ ಕಡವಿನಗೆ ಇಳ್ದ್, ದೋಣಿ ದಾಂಟಿ, ಆಚೆ ದಡದಗೆ ಮತ್ತೊಂದ್ ಬಸ್ ಹತ್ತುದ್. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಬೆನ್ನಿಗೆ ಒಲಿ ಕಟ್ಟಿ, ಇದ್ಲು ಸುಟ್ಟ್, ಅದ್ರ ಗ್ಯಾಸಗೆ ಎಂಜಿನ್ ಓಡ್ಸುದ್. ಡ್ರೈವರಿಗೆ ಕಿವಿ, ಮೂಗ್, ಕಾಲಡಿಯ ನಡ್ಕ, ಇಷ್ಟೇ ಮೀಟರ್. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪೆನಿ ಮುಳ್ಳಿನ ಮೀಟರಿನ ಬದ್ಲಿಗೆ ಎಂಜಿನ್ ಎಣ್ಣಿಗೊಂದ್, ಬ್ಯಾಟರಿ ಚಾರ್ಜಿಗೊಂದ್ ಎಚ್ಚರಿಕೆ ದೀಪ ಇಟ್ಟಿತ್. ಮೀಟರ್ ಓದುಕೆ ಬಪ್ಪು ಜಂಬದ ಡ್ರೈವರ್‌ಗಳ್ ಅದ್ಕೆ "ಪೆದ್ದರ ದೀಪ" ಅಂದೇಳಿ ಹೆಸ್ರಿಟ್ರ್. ಆ ದೀಪದ ಸಂತತಿ ನಮ್ಮ ಕಾರಗೆ ಈಗ್ಳೂ ಇತ್ತ್: ಎಣ್ಣಿ ಗಿಂಡಿ ಚಿತ್ರದ ಕೆಂಪ್ ದೀಪ. ಅದ್ ಹೊತ್ರೆ ಮನಿ ಮುಟ್ಟುವ ಅಂದೇಳಿ ಕಾಣ್ಬೇಡಿ, ಅಲ್ಲೇ ಬದಿಗೆ ನಿಲ್ಸಿ ಎಂಜಿನ್ ಬಂದ್ ಮಾಡ್ಕ್.

ಆದ್ರೆ ನಮ್ಮ ಹಳ್ದಿ ದೀಪ ಆ ಕುಟುಂಬದ್ದಲ್ಲ. ಅದ್ ಹುಟ್ಟದ್ ಹೊಗಿಯಗೆ.

ಹೊಗಿ ವಿಷ್ಯ ನಮ್ಗೆ ಯಾರೂ ಕಲಿಸ್ಕಂದಿಲ್ಲ. ನಮ್ಮ ಅಜ್ಜಿಯಕ್ಳ್ ಒಲಿ ಮುಂದೆ ಕೂಕಂಡ್ ಊದುಕೊಳವಿ ಹಿಡ್ದ್ ಕಣ್ಣ್ ಕೆಂಪ್ ಮಾಡ್ಕಂಡವ್ರೆ. ಹೊಗಿ ಬಣ್ಣ ಕಂಡೇ ಕಟ್ಗಿ ಹಸಿಯೋ ಒಣಗಿದ್ದೋ, ಒಲಿ ಬಾಯಿಗೆ ಗಾಳಿ ಸಾಕಾ ಸಾಲ್ದಾ ಅಂದೇಳಿ ಹೇಳ್ತಿದ್ರ್. ಈಗಿನ ಗ್ಯಾಸ್ ಒಲಿಯಗೂ ಹಾಂಗೇ, ಬೆಂಕಿ ನೀಲಿ ಇದ್ರೆ ಸಮ, ಹಳ್ದಿ ಆಯಿ ಪಾತ್ರಿ ತಳಕ್ಕೆ ಮಸಿ ಹಿಡುಕೆ ಶುರುವಾದ್ರೆ ಗಾಳಿ ಸಾಲ್ತಿಲ್ಲ. ಎಂಜಿನ್ ಅಂದ್ರೂ ಒಂದ್ ಒಲಿಯೇ. ಒಂದ್ ಕೆಜಿ ಪೆಟ್ರೋಲ್ ಸಮವಾಗಿ ಉರುಕೆ ಸುಮಾರ್ 14.7 ಕೆಜಿ ಗಾಳಿ ಬೇಕ್. ಗಾಳಿ ಕಮ್ಮಿ ಆದ್ರೆ ಅರೆಬೆಂದ ಪೆಟ್ರೋಲ್, ವಿಷದ ಗ್ಯಾಸ್ ಹಿಂದಿನ ಕೊಳವಿಯಗೆ ಹೊರ್ಗೆ ಬತ್ತ್. ಈ ಒಂದ್ ಲೆಕ್ಕ ನೆನಪಿಟ್ಕಣಿ, ಮುಂದಿನ ಕಥಿ ಎಲ್ಲ ಇದ್ರ ಮೇಲೇ ನಿಂತದ್.

1943ರ ಜುಲೈಯಗೆ ಅಮೆರಿಕದ ಲಾಸ್ ಏಂಜಲಿಸ್ ಪಟ್ಟಣದಗೆ ಒಂದ್ ದಿನ ಹಗಲ್ಹೊತ್ತೇ ಕಣ್ಣ್ ಕಾಣ್ದಿದ್ದಂಗೆ ಮಬ್ಬ್ ಕವೀತ್. ಎಲ್ಲರ ಕಣ್ಣಗೂ ನೀರ್, ಗಂಟ್ಲ್ ಉರಿ. ಯುದ್ಧದ ಕಾಲ ಅಲ್ದೆ, ಜಪಾನಿನವ್ರ್ ವಿಷದ ಗ್ಯಾಸ್ ಬಿಟ್ರ್ ಅಂದೇಳಿ ಜನ ಹೆದ್ರದ್ದೂ ಇತ್ತ್ ಅಂಬ್ರ್. ಆಮೇಲೆ ರಬ್ಬರಿಗೆ ಬೇಕಾದ ಸಾಮಾನ್ ಮಾಡು ಒಂದ್ ಕಾರ್ಖಾನಿ ಮೇಲೆ ಸಂಶ್ಯ ಬಂತ್. ಅದನ್ನ ಬಂದ್ ಮಾಡ್ಸಿದ್ರೂ ಮಬ್ಬ್ ಹೋಯ್ಲಿಲ್ಲ.

ಗುಟ್ಟ್ ಒಡ್ದದ್ ಒಬ್ಬ ಅನಾನಸ್ ಪಂಡಿತ. ತಮಾಷಿ ಅಲ್ಲ. ಏರೀ ಹಾಗೆನ್-ಸ್ಮಿಟ್ ಅಂಬ ಡಚ್ ಮೂಲದ ವಿಜ್ಞಾನಿ ಅಲ್ಲಿನ ಕ್ಯಾಲ್‌ಟೆಕ್ ಸಂಸ್ಥೆಯಗೆ ಅನಾನಸಿನ ಪರಿಮಳ ಯಾವ್ದ್ರಿಂದ ಬತ್ತ್ ಅಂದೇಳಿ ಹುಡುಕ್ತಿದ್ರ್. ಹಣ್ಣಿನ ಪರಿಮಳ ಹಿಡು ಅದೇ ಉಪಾಯದಗೆ ಊರಿನ ಗಾಳಿಯನ್ನೂ ಹಿಡ್ದ್, ತಂಪ್ ಮಾಡಿ, ನಾಕ್ ಹನಿ ಕಂದ್ ಬಣ್ಣದ ರಸ ತೆಗ್ದ್ರ್. 1950ರ ದಶಕದ ಶುರುವಿಗೆ ಅವ್ರ್ ತೋರ್ಸಿದ್ ಇಷ್ಟ್: ಕಾರಿಂದ, ಎಣ್ಣಿ ಕಾರ್ಖಾನಿಯಿಂದ ಬಪ್ಪು ಅರೆಬೆಂದ ಪೆಟ್ರೋಲ್ ಆವಿ, ಸಾರಜನಕದ ಗ್ಯಾಸ್, ಎರಡರ ಮೇಲೂ ಬಿಸ್ಲ್ ಬಿದ್ದ್ರೆ ಓಝೋನ್ ಆತ್ತ್, ಕಣ್ಣ್ ಉರ್ಸುದ್, ಸೊಪ್ಪಿನ ಗಿಡ ಸುಡುದ್ ಅದೇ. ಎಣ್ಣಿ ಕಂಪೆನಿಯವ್ರ್ ಒಪ್ಲಿಲ್ಲ. ಕಾರ್ ಕಂಪೆನಿಯವ್ರೂ ಬೇಗ ಒಪ್ಲಿಲ್ಲ. ಹೊಗಿ ತಡು ಸಾಮಾನ್ ತಡ ಮಾಡುಕೆ ಕಾರ್ ಕಂಪೆನಿಗಳ್ ಒಳ್ಗಿಂದೊಳ್ಗೆ ಒಪ್ಪಂದ ಮಾಡ್ಕಂಡ್ರ್ ಅಂದೇಳಿ ಅಮೆರಿಕ ಸರ್ಕಾರವೇ ಕೇಸ್ ಹಾಕಿ, 1969ರಗೆ ರಾಜಿ ಆದದ್ ದಾಖಲಿಯಗಿತ್ತ್.

ಇಲ್ಲಿ ಒಂದ್ ಸಂಗತಿ ನಂಗೆ ಭಾರಿ ಖುಷಿ. 1958ರಗೆ ಲಾಸ್ ಏಂಜಲಿಸಿನ ಗೃಹಿಣಿಯರ್ ಸೇರ್ಕಂಡ್ "ಸ್ಟ್ಯಾಂಪ್ ಔಟ್ ಸ್ಮಾಗ್" ಅಂದೇಳಿ ಒಂದ್ ಸಂಘ ಕಟ್ರ್. ಮಕ್ಕಳನ್ನ ಅಂಗಳದಗೆ ಆಡುಕೆ ಬಿಡುಕಾತಿಲ್ಲ, ಕಣ್ಣುರಿ, ದಮ್ಮು, ಯಾರೂ ಕೇಂತಿಲ್ಲ ಅಂದೇಳಿ ಕೋಪ. ಅವ್ರ್ ಎಂಜಿನಿಯರ್‌ಗಳಲ್ಲ. ಆದ್ರೆ ಸಭಿ ಸಭಿಗೆ ಹೋಯಿ, ಬೇರೆ ಸಂಘದವ್ರನ್ನೆಲ್ಲ ಜೊತೆಗೆ ಹಾಕ್ಕಂಡ್, ಕಾರಿಗೆ ಹೊಗಿ ತಡು ಸಾಮಾನ್ ಕಡ್ಡಾಯ ಮಾಡಿ ಅಂದೇಳಿ ಸರ್ಕಾರದ ಬೆನ್ನ್ ಬಿಡ್ಲಿಲ್ಲ. 1967ರಗೆ ಕ್ಯಾಲಿಫೋರ್ನಿಯ ರಾಜ್ಯ ಗಾಳಿ ಕಾಂಬುಕೇ ಒಂದ್ ಮಂಡಳಿ ಮಾಡಿತ್, ಅದ್ರ ಮೊದ್ಲ್ ಅಧ್ಯಕ್ಷ ಅದೇ ಅನಾನಸ್ ಪಂಡಿತ್ರ್. ಕಾರಿನ ಎದ್ರ್ ಹಲ್ಗಿ ಮೇಲೆ ಕುಳಿತ ಹಳ್ದಿ ದೀಪದ ಹಿಂದೆ ಕಂಪೆನಿ ಬುದ್ಧಿವಂತ್ರ್ ಮಾತ್ರ ಇಪ್ಪುದಲ್ಲ, ಕಣ್ಣ್ ಒರ್ಸ್ಕಂಡ್ ಸಾಕಾದ ಅಮ್ಮಂದಿರೂ ಇದ್ದ್ರ್.

1970ರಗೆ ಅಮೆರಿಕದ ಗಾಳಿ ಕಾನೂನ್ ಬಿಗಿ ಆಯ್ತ್. 1975ರ ಮಾದರಿಯಿಂದ ಅಲ್ಲಿನ ಹೆಚ್ಚಿನ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತ್. ಹೊಗಿ ಕೊಳವಿ ನಡುವಗೆ ಒಂದ್ ಡಬ್ಬಿ, ಅದ್ರೊಳ್ಗೆ ಜೇನ್ ರೊಟ್ಟಿನಂಗೆ ತೂತ್ ತೂತ್, ಮೇಲೆ ಪ್ಲಾಟಿನಂ, ಪಲ್ಲೇಡಿಯಂ ಲೇಪ. ಅರೆಬೆಂದ ಹೊಗಿ ಅದ್ರಗೆ ಹಾದ್ ಹೋಪತಿಗೆ ಪೂರ್ತಿ ಉರ್ದ್ ಹೋತ್ತ್. ಡಬ್ಬಿ ಒಳ್ಳೇದೇ, ಆದ್ರೆ ಭಾರಿ ನಾಜೂಕ್. ಪೆಟ್ರೋಲಗೆ ಸೀಸ ಇದ್ರೆ ಕೆಡತ್ತ್, ಗಾಳಿ-ಪೆಟ್ರೋಲ್ ಲೆಕ್ಕ ತಪ್ಪಿದ್ರೂ ಕೆಲ್ಸ ಮಾಡತಿಲ್ಲ. ಹಾಂಗಾಯಿ ಹೊಗಿಯಗೆ ಎಷ್ಟ್ ಆಮ್ಲಜನಕ ಉಳ್ದಿತ್ತ್ ಅಂದೇಳಿ ನೋಡು ಒಂದ್ ಕಡ್ಡಿ ಬೇಕಾಯ್ತ್. ಜರ್ಮನಿಯ ಬಾಷ್ ಕಂಪೆನಿ ಮಾಡಿದ ಆ ಆಕ್ಸಿಜನ್ ಸೆನ್ಸರ್ 1976ರಗೆ ವೋಲ್ವೊ ಕಾರಗೆ ಮೊದ್ಲ್ ಬಂತ್. ಅಜ್ಜಿ ಹೊಗಿ ಕಂಡ್ ಹೇಳ್ತಿದ್ದದ್ದನ್ನೇ ಇದ್ ಕರೆಂಟಿನ ಭಾಷಿಯಗೆ ಹೇಳತ್ತ್. ಕೇಂಬುಕೆ ಒಂದ್ ಸಣ್ಣ ಕಂಪ್ಯೂಟರ್ ಬಂತ್. ಆ ಕಂಪ್ಯೂಟರ್ "ನಂಗೆ ಲೆಕ್ಕ ಸಿಕ್ತಿಲ್ಲ" ಅಂದೇಳಿ ನಮ್ಗೆ ತಿಳ್ಸುಕೆ ಒಂದ್ ದೀಪ ಬಂತ್. 1981ರ ಹೊತ್ತಿಗೆ ಜನರಲ್ ಮೋಟರ್ಸ್ ಅಮೆರಿಕದಗೆ ಮಾರು ಕಾರಿಗೆಲ್ಲ ಈ ಕಂಪ್ಯೂಟರ್, ಚೆಕ್ ಎಂಜಿನ್ ದೀಪ ಎರಡೂ ಇಟ್ಟಿತ್.

ಗೊತ್ತಾಯ್ತಲೆ? ಕೆಂಪ್ ದೀಪ ಕೇಂಬುದ್ ಎಂಜಿನ್ನಿನ ಜೀವದ ಬಗ್ಗೆ. ಹಳ್ದಿ ದೀಪ ಕೇಂಬುದ್ ಮೊದ್ಲ್ ಹೊಗಿ ಬಗ್ಗೆ. ಹಿಂದಿನ ಕೊಳವಿಯಗೆ ಬಪ್ಪುದ್ ಮಕ್ಕಳ ಮೂಗಿಗೆ ಆಪಂಗೆ ಇತ್ತಾ ಇಲ್ಯಾ ಅಂದೇಳಿ. ಅದ್ಕೇ ಎಷ್ಟೋ ಸರ್ತಿ ಹಳ್ದಿ ದೀಪ ಹೊತ್ರೂ ಕಾರ್ ಚಂದ ಓಡತ್ತ್, "ಎಂತ ಆತಿಲ್ಲ" ಅಂಬವ್ರ್ ಮೋಸ ಹೋಪುದ್ ಅಲ್ಲೇ. ಕಾರಿಗೆ ಎಂತ ಆಗ್ದೆ ಇಪ್ಪುಕೂ ಸಾಕ್, ಹಿಂದೆ ಬಪ್ಪು ಸೈಕಲ್ ಮಕ್ಕಳಿಗೆ ಆತ್ತ್.

ಇನ್ನ್ ಈ ಕಥಿಯ ಎರಡನೇ ಜಗ್ಳ. ದೀಪ ಹೊತ್ತಿತ್, ಸರಿ. ಅದ್ ಹೇಳುದ್ ಓದುದ್ ಯಾರ್?

ಶುರುವಿಗೆ ಓದುಕೆ ಯಂತ್ರ ಬೇಕಾಯ್ಲಿಲ್ಲ. ಆ ಜನರಲ್ ಮೋಟರ್ಸ್ ಕಾರಗೆ ಪ್ಲಗ್ಗಿನ ಎರಡ್ ತೂತಿಗೆ ಒಂದ್ ತಂತಿ ಸಿಕ್ಸಿದ್ರೆ ಅದೇ ದೀಪ ಮಿಣಕ್ ಮಿಣಕ್ ಅಂತಿತ್. ಒಂದ್ ಮಿಣುಕ್, ಚೂರ್ ಬಿಟ್ಟ್ ಎರಡ್ ಮಿಣುಕ್ ಅಂದ್ರೆ ಹನ್ನೆರಡ್. ಆದ್ರೆ ಒಂದೊಂದ್ ಕಂಪೆನಿಗೆ ಒಂದೊಂದ್ ಪ್ಲಗ್, ಒಂದೊಂದ್ ಲೆಕ್ಕ. ಕಂಪೆನಿ ಶೋರೂಮಿನವ್ರ್ ಬಿಟ್ಟ್ರೆ ಬೇರೆಯವ್ರಿಗೆ ಗೊತ್ತಾಪುದೇ ಕಷ್ಟ. ಕ್ಯಾಲಿಫೋರ್ನಿಯ 1988ರ ಮಾದರಿಯಿಂದ ಕಾರ್ ತನ್ನನ್ನ ತಾನೇ ಪರೀಕ್ಷಿ ಮಾಡ್ಕಣ್ಕ್ ಅಂದೇಳಿ ಕಾನೂನ್ ಮಾಡಿತ್. 1990ರಗೆ ಅಮೆರಿಕದ ಕಾನೂನ್ ತಿದ್ದುಪಡಿ ಬಂದ್, ಹೊಗಿ ಸಂಬಂಧದ ರಿಪೇರಿ ಮಾಹಿತಿ ಹೊರ್ಗಿನ ಗ್ಯಾರೇಜಿನವ್ರಿಗೂ ಕೊಡ್ಕ್ ಅಂತ್. 1996ರಿಂದ ಅಲ್ಲಿನ ಎಲ್ಲ ಹೊಸ ಕಾರಿಗೂ ಒಂದೇ ನಮೂನಿ 16 ಪಿನ್ನಿನ ಪ್ಲಗ್, ಒಂದೇ ಕೋಡ್ ಭಾಷಿ. ಇದ್ಕೇ ಓಬಿಡಿ-2 ಅಂಬುದ್. ಪಿ ಅಕ್ಷರದ ಎದ್ರಿಗೆ ಸೊನ್ನಿ ಇದ್ರೆ ಆ ಕೋಡ್ ಎಲ್ಲ ಕಂಪೆನಿಗೂ ಒಂದೇ ಅರ್ಥ. ಡೆಟ್ರಾಯ್ಟಿನ ಕಾರಿಗೂ ಹೆಮ್ಮಾಡಿಯ ಕಾರಿಗೂ ಪಿ 0300 ಅಂದ್ರೆ ಎಂಜಿನ್ ಕಿಡಿ ಅಲ್ಲಲ್ಲಿ ತಪ್ಪುದ್, ಪಿ 0420 ಅಂದ್ರೆ ಕನ್ವರ್ಟರ್ ಸಾಲ್ದಾಯ್ತ್ ಅಂದೇಳಿ. ನಂಗೆ ಕಂಡಂಗೆ ಆ ದೀಪಕ್ಕಿಂತ ದೊಡ್ಡದ್ ಈ ಪ್ಲಗ್. ದೀಪ ನಮ್ಮನ್ನ ಹೆದರ್ಸತ್ತ್ ಅಷ್ಟೇ, ಪ್ಲಗ್ ಓದುಕೆ ಕೊಡತ್ತ್.

ನಮ್ಮ ದೇಶದ ಕಥಿ ಬೇಗ ಹೇಳ್ತೆ. ದೆಹಲಿ ಹೊಗಿ ಬಗ್ಗೆ ವಕೀಲ್ರ್ ಎಂ.ಸಿ. ಮೆಹ್ತಾ 1985ರಗೆ ಸುಪ್ರೀಂ ಕೋರ್ಟಿಗೆ ಹೋದ್ರ್. 1995ರ ಎಪ್ರಿಲಿನಿಂದ ನಾಕ್ ಮಹಾನಗರದಗೆ ಮಾರು ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್, ಅದ್ಕೆ ಸೀಸ ಇಲ್ಲದ ಪೆಟ್ರೋಲ್. ಸೀಸ ಇಲ್ಲದ ಪೆಟ್ರೋಲ್ ದೇಶಕ್ಕೆಲ್ಲ ಬಂದದ್ 2000ದ ಫೆಬ್ರವರಿಗೆ. ಬೊಂಬಾಯಿಯಿಂದ ಹೊಸ ಕಾರ್ ತಕಂಡ್ ಊರಿಗೆ ಬಪ್ಪು ಹೋಟೆಲಿನವ್ರ್ ದಾರಿಯಗೆ ಸೀಸದ ಪೆಟ್ರೋಲ್ ಹಾಕ್ಸಿರೆ ಆ ಡಬ್ಬಿ ಕಥಿ ಎಂತ ಆಯಿಕ್ಕ್, ನೀವೇ ಅಂದಾಜ್ ಮಾಡಿ. 2010ರಗೆ ಭಾರತ್ ಸ್ಟೇಜ್ 4 ಬಂದಾಗ ಅದ್ 13 ಪಟ್ಟಣಕ್ಕೆ ಮಾತ್ರ. ಬೆಂಗ್ಳೂರ್ ಅದ್ರಗಿತ್ತ್, ನಮ್ಮ ಉಡುಪಿ ಇಲ್ಲ. ಆ ಕಾರಗೆ ಓಬಿಡಿ ಬೇಕೇ ಬೇಕ್, 2013ರಿಂದ ಓಬಿಡಿ-2. ದೇಶಕ್ಕೆಲ್ಲ ಆದದ್ 2017ರ ಎಪ್ರಿಲ್ 1ಕ್ಕೆ. ಹಿಂದಿನ ಎರಡ್ ದಿನ ಹಳೆ ಮಾದರಿ ಸ್ಕೂಟರ್ ಅರ್ಧಂಬರ್ಧ ಕ್ರಯಕ್ಕೆ ಸಿಕ್ತ್ ಅಂದೇಳಿ ಜನ ಅಂಗ್ಡಿಗೆ ಮುಗಿ ಬಿದ್ದದ್ ನಿಮ್ಗೆ ನೆನಪಿಪ್ಪುಕೂ ಸಾಕ್. 2020ರ ಎಪ್ರಿಲಿಗೆ ಐದ್ ಹಾರಿ ಸೀದಾ ಆರಕ್ಕೆ ಹೋಯ್ತ್, ಆಗ್ಳ್ ಸ್ಕೂಟರಿಗೂ ಈ ದೀಪ ಬಂತ್.

ನಾವ್ ಹಿಡ್ದದ್ ಯುರೋಪಿನ ದಾರಿ. ಮೊಬೈಲಗೆ ಬಪ್ಪು ಅಮೆರಿಕದ ವೀಡಿಯೊದಗೆ "ಪೆಟ್ರೋಲ್ ಟ್ಯಾಂಕಿನ ಮುಚ್ಚ್ಲ್ ಬಿಗಿ ಮಾಡಿ, ದೀಪ ಹೋತ್ತ್" ಅಂದೇಳಿ ಮೊದ್ಲೇ ಹೇಳ್ತ್ರ್. ಅಲ್ಲಿ ಟ್ಯಾಂಕಿನ ಆವಿ ಸೋರುದ್ ಪರೀಕ್ಷಿ ಮಾಡುದ್ ಕಡ್ಡಾಯ, ಅದ್ಕೆ ಹಾಂಗೆ. ನಮ್ಮಲ್ಲಿ ಮುಚ್ಚ್ಲ್ ತಿರ್ಪಿ ತಿರ್ಪಿ ಪ್ರಯೋಜನ ಕಮ್ಮಿ.

ಹಾಂಗಾರೆ ನಮ್ಮೂರಗೆ ಎಂತಕೆ ಹೊತ್ತತ್ತ್? ಮರವಂತೆಯಗೆ ರಸ್ತಿ ಒಂದ್ ಬದಿ ಸಮುದ್ರ, ಒಂದ್ ಬದಿ ಸೌಪರ್ಣಿಕ. ಆ ಉಪ್ಪ್ ಗಾಳಿ ದಿನಾ ಕುಡು ಕಾರಿನ ವಯರ್ ತುದಿಯಗೆ ಹಸ್ರ್ ಕಿಲುಬ್ ಕೂರತ್ತ್. ಆಸಾಡಿ ಮಳಿಯಗೆ ನೀರ್ ಹಾರಿ ಕಿಡಿ ಕೊಡು ಕಾಯಿಲ್ ಒದ್ದಿ ಆತ್ತ್. ಡೀಸೆಲ್ ಕಾರ್ ಬರೀ ಪ್ಯಾಟಿಗೆ ಹೋಯಿ ಬಪ್ಪುಕೆ ಇಟ್ಕಂಡ್ರೆ, ಮಸಿ ಹಿಡು ಫಿಲ್ಟರ್ ಬಿಸಿಯಾಯಿ ಸುಟ್ಕಂಬುಕೆ ಪುರ್ಸೊತ್ತಿಲ್ದೆ ಕಟ್ಟತ್ತ್. ಇದೆಲ್ಲಕ್ಕಿಂತ ದೊಡ್ಡ ಶತ್ರು ಇಲಿ.

ನನ್ನ ಕಾರಿಗೂ ಆದದ್ ಅದೇ. ಮಳಿಗಾಲದಗೆ ಹತ್ತ್ ದಿನ ಕೊಟ್ಗಿ ಬದಿಗೆ ನಿಲ್ಸಿದ್ದೆ, ತೆಗು ದಿನ ಹಳ್ದಿ ದೀಪ. ಒಂದ್ ಗ್ಯಾರೇಜಿಗೆ ಹೋದೆ, ಯಾವ್ದ್ ಅಂದೇಳಿ ಕೇಣ್ಬೇಡಿ. ಸ್ಕ್ಯಾನರ್ ಹಾಕಿ, ಪರದಿ ನನ್ನ ಬದಿಗೆ ತಿರ್ಗ್ಸ್ದೆ, "ಆಕ್ಸಿಜನ್ ಸೆನ್ಸರ್ ಹೋಯ್ತ್ ಅಕ್ಕ, ಹೊಸತ್ ಹಾಕ್ಕ್" ಅಂದ್ರ್. ಕ್ರಯ ಕೇಂಡ್ ನಂಗೆ ತಲಿ ತಿರ್ಗ್ತ್. "ಕೋಡ್ ಎಂತ ಬಂತ್, ಒಂದ್ ಚೀಟಿಯಗೆ ಬರ್ದ್ ಕೊಡಿ" ಅಂದೆ. "ಅದೆಲ್ಲ ನಿಮ್ಗೆ ಗೊತ್ತಾತಿಲ್ಲ, ಅಣ್ಣನ್ನ ಕಳ್ಸಿ" ಅಂದೇಳಿ ನೆಗಾಡ್ರ್. ನಾನ್ ಅಣ್ಣನ್ನ ಕಳ್ಸ್ಲಿಲ್ಲ. ಚೀಟಿ ಕೈಗೆ ಬಪ್ಪಲ್ಲಿವರೆಗೆ ಅಲ್ಲೇ ಸ್ಟೂಲ್ ಮೇಲೆ ಕೂಕಂಡೆ. ಪಿ 0135 ಅಂದೇಳಿ ಇದ್ದಿತ್.

ಪಿ 0135 ಅಂದ್ರೆ ಸೆನ್ಸರ್ ಕೆಟ್ಟಿತ್ ಅಂದೇಳಿ ಅರ್ಥ ಅಲ್ಲ, ಅದನ್ನ ಬಿಸಿ ಮಾಡು ಕರೆಂಟಿನ ದಾರಿಯಗೆ ತೊಂದ್ರಿ ಇತ್ತ್ ಅಂದೇಳಿ. ಈ ಸೆನ್ಸರ್ ತಣ್ಣಗಿದ್ರೆ ಮಾತಾಡತಿಲ್ಲ, ಕಾವಲಿಗಿಂತ ಬಿಸಿ ಆಯ್ಕ್. ಹಾಂಗಾಯಿ ಅದ್ರೊಳ್ಗೆ ಒಂದ್ ಹೀಟರ್, ಅದ್ಕೆ ಎರಡ್ ವಯರ್, ಒಂದ್ ಫ್ಯೂಸ್. ಮೂರ್ರಗೆ ಯಾವ್ದ್ ಹೋದ್ರೂ ಕೋಡ್ ಅದೇ. ಎರಡನೇ ಗ್ಯಾರೇಜಿನ ಹುಡ್ಗ ಚೀಟಿ ಕಂಡ್, ಟಾರ್ಚ್ ಹಾಕಿ ಬಗ್ಗಿ, "ಹ್ವಾಯ್ ಅಕ್ಕ, ಕಾಣಿ ನಿಮ್ಮನಿ ಇಲಿ ಕೆಲ್ಸ" ಅಂದ. ವಯರ್ ಜೋಡ್ಸಿ, ಟೇಪ್ ಸುತ್ತಿ, ಕೋಡ್ ಅಳ್ಸಿ ಕೊಟ್ಟ. ಆದ ಖರ್ಚಿಗೆ ಒಂದ್ ಕೆಜಿ ಬೂತಾಯಿ ಬತ್ತಿತ್, ಅಷ್ಟೇ.

ಕೋಡ್ ಕಾಯ್ಲಿ ಹೆಸ್ರ್ ಹೇಳತಿಲ್ಲ, ಎಲ್ಲಿ ನೋಯತ್ತ್ ಅಂದೇಳಿ ಹೇಳತ್ತ್. ಹೊಟ್ಟಿ ನೋವಂದ ಕೂಡ್ಲೆ ಹೊಟ್ಟಿಯನ್ನೇ ತೆಗುವ ಅಂಬು ಡಾಕ್ಟ್ರಿಗೆ ನಾವ್ ಹೂಂ ಅಂತ್ರಾ? ಪಿ 0420 ಬಂದಾಗಂತೂ ಜಾಗ್ರತಿ, ಕನ್ವರ್ಟರಗೆ ಪ್ಲಾಟಿನಂ ಜಾತಿ ಲೋಹ ಇಪ್ಪುದ್ರಿಂದ ಕ್ರಯ ಜೋರ್. ಅದನ್ನ ಬದಲ್ಸುಕೆ ಮೊದ್ಲ್ ಹೊಗಿ ಕೊಳವಿ ಎಲ್ಲಾರ್ ಸೋರತ್ತಾ, ಹಿಂದಿನ ಸೆನ್ಸರ್ ಸಮ ಇತ್ತಾ ಅಂದೇಳಿ ಕಾಂಬುಕೆ ಹೇಳಿ.

ದೀಪ ಸುಮ್ನೆ ಹೊತ್ಕಂಡಿದ್ರೆ ಮನಿಗೆ ಹೋಯ್ಲಕ್ಕ್, ಎರಡ್ ದಿನದಗೆ ಕೋಡ್ ಓದ್ಸಿ. ಮಿಣಕ್ ಮಿಣಕ್ ಅಂತಿದ್ರೆ, ಕಾರ್ ನಡ್ಗ್ತಿದ್ರೆ, ಬಾಳೆಬರೆ ಘಾಟಿ ಹತ್ತುದ್ ಬೇಡ. ಕಿಡಿ ತಪ್ಪಿ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಯಿ ಅಲ್ಲಿ ಉರಿತಿತ್ತ್, ಆ ಜೇನ್ ರೊಟ್ಟ್ ಕರಗುಕೂ ಸಾಕ್. ಮೆಲ್ಲ ಬದಿಗೆ ನಿಲ್ಸಿ ಯಾರಿಗಾರೂ ಫೋನ್ ಮಾಡಿ. ಬ್ಯಾಟರಿ ವಯರ್ ತೆಗ್ದ್ ಹಾಕಿದ್ರೆ ದೀಪ ಹೋತ್ತ್ ಅಂದೇಳಿ ಭಾವಯ್ಯನವ್ರ್ ಹೇಳ್ತ್ರಲೆ, ಹೋತ್ತ್ ಸಮ, ಬರ್ದಿಟ್ಟ ಕೋಡೂ ಅದ್ರೊಟ್ಟಿಗೆ ಹೋತ್ತ್. ನಾಡಿದ್ದ್ ಮತ್ತೆ ಹೊತ್ತಾಗ ಕಾಂಬುಕೆ ಪುರಾವಿಯೇ ಇರತಿಲ್ಲ. ಹೆಚ್ಚಿನ ತೊಂದ್ರಿ ಎರಡ್ ಸರ್ತಿ ಕಾರ್ ಬಿಟ್ಟಾಗಲೂ ಕಂಡ್ರೆ ಮಾತ್ರ ದೀಪ ಹೊತ್ತುದ್, ತೊಂದ್ರಿ ಹೋಯಿ ಮೂರ್ ಸರ್ತಿ ಸಮ ಓಡಿದ್ರೆ ತಾನೇ ಆರುದ್. ಅಷ್ಟ್ ಯೋಚ್ನಿ ಮಾಡಿ ಹೊತ್ತು ದೀಪವನ್ನ ಸುಮ್ನೆ ನಂದ್ಸುದ್ ಎಂತಕೆ?

ಹಳೆ ಕಾರ್ ತಕಂಬವ್ರಿಗೆ ಒಂದ್ ಮಾತ್. ಕೀ ತಿರ್ಗ್ಸಿ, ಎಂಜಿನ್ ಶುರು ಮಾಡುಕೆ ಮೊದ್ಲ್ ಆ ಹಳ್ದಿ ದೀಪ ಒಂದ್ ಸರ್ತಿ ಹೊತ್ತ್ಕ್, ಶುರುವಾದ ಮೇಲೆ ಆರ್ಕ್. ಮೊದ್ಲಿಗೇ ಹೊತ್ತತಿಲ್ಲ ಅಂದ್ರೆ ಮಾರುವವ್ರ್ ದೀಪವನ್ನೇ ಕಿತ್ತಿಪ್ಪುಕೂ ಸಾಕ್, ಅಲ್ಲಿಂದ ಎದ್ದ್ ಬನ್ನಿ.

ಸ್ಕೂಟರಿನವ್ರ್ ಬೇಜಾರ್ ಮಾಡ್ಕಣ್ಬೇಡಿ. ನಿಮ್ಮದ್ರಗೂ ದೀಪ ಇತ್ತ್, ಕೆಲವ್ದ್ರಗೆ ಈಗ್ಳೂ ಆ ಹಳೆ ಕಾಲದಂಗೆ ಮಿಣುಕ್ ಎಣ್ಸಿ ಕೋಡ್ ಓದ್ಲಕ್ಕ್. ಉದ್ದದ್ದೊಂದ್, ಗಿಡ್ಡದ್ದೊಂದ್ ಮಿಣುಕ್, ಎಷ್ಟ್ ಬಂತ್ ಅಂದೇಳಿ ಮಕ್ಕಳಿಗೆ ಪೆನ್ಸಿಲ್ ಕೊಟ್ಟ್ ಬರುಕೆ ಹೇಳಿ, ಆ ಕಾಗ್ದ ಹಿಡ್ಕಂಡೇ ಗ್ಯಾರೇಜಿಗೆ ಹೋಯಿನಿ.